64ನೇ ನಂಬರಿನ ಬಸ್ಸು

ಕಳೆದ ವರ್ಷ ದಸರಾ ಮುಗಿದ ವಾರ, ರಾತ್ರಿ ಊಟಕ್ಕೆ ಕೂತಿದ್ದಾಗ ಮನೆಯ ಲ್ಯಾಂಡ್‌ಲೈನ್ ರಿಂಗಾಯಿತು. ಎತ್ತಿದರೆ ತಂಗಿಯ ಮಗಳು. ಜರ್ಮನಿಯಲ್ಲಿ ಎಂ.ಎಸ್. ಓದುತ್ತಿರುವವಳು, ರಜೆಗೆ ಗೆಳತಿಯರ ಜೊತೆ ಬಾರ್ಸಿಲೋನಾಕ್ಕೆ ಹೋಗಿದ್ದಳು. ‘ದೊಡ್ಡಮ್ಮಾ, ಅಮ್ಮಂಗೆ ಹೇಳಲ್ಲ ಅಂತ ಮೊದಲು ಮಾತು ಕೊಡು’ ಎಂದಳು. ಮೆಟ್ರೋದಲ್ಲಿ ಬಾಗಿಲ ಪಕ್ಕ ನಿಂತು ಫೋನಿನಲ್ಲಿ ಮ್ಯಾಪ್ ನೋಡುತ್ತಿದ್ದಳಂತೆ. ಬಾಗಿಲು ಮುಚ್ಚುವ ಸದ್ದಾಯಿತು. ಪಕ್ಕದಲ್ಲಿ ನಿಂತಿದ್ದವನು ಕೈಯಲ್ಲಿದ್ದ ಫೋನನ್ನು ಸೆಳೆದುಕೊಂಡು ಪ್ಲಾಟ್‌ಫಾರ್ಮಿಗೆ ಇಳಿದ, ಬಾಗಿಲು ಮುಚ್ಚಿತು, ರೈಲು ಹೊರಟಿತು. ‘ಅವನು ಓಡಲೂ ಇಲ್ಲ ದೊಡ್ಡಮ್ಮ, ಸುಮ್ಮನೆ ನಡ್ಕೊಂಡು ಹೋದ. ನಾನು ಗಾಜಿನಿಂದ ನೋಡ್ತಾನೇ ಇದ್ದೆ.’

‘ಯಾವಾಗ ಆಗಿದ್ದು?’

‘ಮೊನ್ನೆ ಸಂಜೆ.’

ಅವಳಿಗೆ ಬಾಯಿಪಾಠ ಬರುವ ನಂಬರು ಎಂದರೆ ನಮ್ಮ ಮನೆಯದು ಮಾತ್ರ. ಚಿಕ್ಕಂದಿನಲ್ಲಿ ಶಾಲೆಯ ಡೈರಿಯಲ್ಲಿ ಬರೆದುಕೊಂಡದ್ದು. ಅದಕ್ಕೂ ಎರಡು ದಿನ ಫೋನ್ ಮಾಡಲಿಲ್ಲವೇಕೆ ಎಂದು ಕೇಳಿದೆ. ‘ಅಮ್ಮ ಹೊರಡೋ ಮುಂಚೇನೇ ಹತ್ತು ಸಲ ಹೇಳಿದ್ಲು, ಬಾರ್ಸಿಲೋನಾದಲ್ಲಿ ಫೋನ್ ಹುಷಾರು ಅಂತ. ಈಗ ಹೇಳಿದ್ರೆ...’ ಅಂದು ನಿಲ್ಲಿಸಿದಳು.

‘ಈಗ ಹೇಳಿದ್ರೆ’ ಎಂದು ಹೀಗೇ ಅರ್ಧಕ್ಕೆ ನಿಂತ ಮಾತನ್ನು ನಾನು 1999ರ ಮೇ ತಿಂಗಳಲ್ಲಿ ಫ್ಲಾರೆನ್ಸಿನ ಒಂದು ಹೋಟೆಲಿನ ಲಾಬಿಯಲ್ಲಿ ಕೇಳಿದ್ದೆ. ಹೇಳಿದವರು ತಿಪಟೂರಿನ ಕಡೆಯ ಒಬ್ಬ ಹೆಂಗಸು. ಆ ಹುಡುಗಿಯ ಮಾತು ಕೇಳುತ್ತ ಕೇಳುತ್ತಲೇ ಆಕೆಯ ಮುಖ ಕಣ್ಣ ಮುಂದೆ ಬಂತು.

ಆಗ ನಾನು ಬೆಂಗಳೂರಿನ ಒಂದು ಪ್ರವಾಸ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಗುಂಪು ಕಟ್ಟಿಕೊಂಡು ಯೂರೋಪ್ ತೋರಿಸಿಕೊಂಡು ಬರುವ ಟೂರುಗಳು. ಈ ಕೆಲಸಕ್ಕೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದು ಆಗ ಅಪರೂಪ. ಗುಂಪಿನಲ್ಲಿ ಹೆಂಗಸರು ಹೆಚ್ಚಾಗಿರುತ್ತಾರೆ, ಕೆಲವು ವಿಷಯ ಗಂಡಸರ ಹತ್ತಿರ ಹೇಳಿಕೊಳ್ಳಲು ಅವರಿಗೆ ಆಗುವುದಿಲ್ಲ ಎಂಬ ಕಾರಣಕ್ಕೆ ನನ್ನನ್ನು ಸಹಾಯಕಿಯಾಗಿ ಕಳಿಸುತ್ತಿದ್ದರು. ಬರುತ್ತಿದ್ದವರು ದಾವಣಗೆರೆಯ ವ್ಯಾಪಾರಸ್ಥರು, ಮೈಸೂರಿನ ನಿವೃತ್ತ ಅಧಿಕಾರಿಗಳು, ಮಕ್ಕಳು ಅಮೆರಿಕದಿಂದ ದುಡ್ಡು ಕಳಿಸಿ ‘ಹೋಗಿಬನ್ನಿ’ ಎಂದು ಹೊರಡಿಸಿದ ಅಪ್ಪ ಅಮ್ಮಂದಿರು. ಬಹಳ ಮಂದಿ ಅಲ್ಲಿಯವರೆಗೆ ವಿಮಾನವನ್ನೇ ಹತ್ತಿದವರಲ್ಲ.

ಗುಂಪಿನ ಯಜಮಾನಿಕೆ ಒಬ್ಬ ಹಿರಿಯರದು. ಮೊದಲು ವಿಮಾನ ಟಿಕೆಟ್ ಕೊಡುವ ಆಫೀಸಿನಲ್ಲಿದ್ದು ಆಮೇಲೆ ಈ ಕಸುಬಿಗೆ ಬಂದವರು. ನನಗೆ ಕೆಲಸ ಕಲಿಸಿದವರು ಅವರೇ. ಅವರ ಹತ್ತಿರ ಉದ್ದನೆಯ ಒಂದು ನೋಟ್‌ಬುಕ್ ಇರುತ್ತಿತ್ತು. ಗುಂಪಿನ ಪ್ರತಿಯೊಬ್ಬರ ಪಾಸ್‌ಪೋರ್ಟ್ ನಂಬರು, ಕೊಟ್ಟ ತಾರೀಕು, ಕೊಟ್ಟ ಊರು, ವೀಸಾ ನಂಬರು, ಟ್ರಾವೆಲರ್ಸ್ ಚೆಕ್ಕುಗಳ ಸೀರಿಯಲ್ ನಂಬರು, ಅಷ್ಟನ್ನೂ ಅದರಲ್ಲಿ ಕೈಯಲ್ಲೇ ಬರೆಯುತ್ತಿದ್ದರು. ಕಾರ್ಬನ್ ಹಾಕಿ ಬರೆದ ಪ್ರತಿಯೊಂದು ನನ್ನ ಚೀಲದಲ್ಲಿ, ಇನ್ನೊಂದು ಬೆಂಗಳೂರಿನ ಆಫೀಸಿನಲ್ಲಿ. ಟ್ರಾವೆಲರ್ಸ್ ಚೆಕ್ಕನ್ನು ಇವತ್ತಿನ ಹುಡುಗರು ನೋಡಿರಲಾರರು. ಕೊಳ್ಳುವಾಗ ಒಂದು ಸಹಿ, ಮುರಿಸುವಾಗ ಅಲ್ಲೇ ಎದುರಿಗೆ ಇನ್ನೊಂದು ಸಹಿ. ಕಳೆದುಹೋದರೆ ಸೀರಿಯಲ್ ನಂಬರ್ ಹೇಳಿ ಹಣ ವಾಪಸ್ ಪಡೆಯಬಹುದು. ಆದರೆ ಆ ನಂಬರು ಚೆಕ್ಕಿನ ಜೊತೆಗೇ ಕಳೆದುಹೋಗಿರಬಾರದು, ಮತ್ತು ಬೇಗ ಹೇಳಬೇಕು. ಮೊದಲನೆಯದನ್ನು ಅವರ ನೋಟ್‌ಬುಕ್ಕು ನೋಡಿಕೊಳ್ಳುತ್ತಿತ್ತು.

ರೋಮ್‌ಗೆ ನಾನು ಮೊದಲ ಸಲ ಹೋದಾಗ, ಗುಂಪು ಮಲಗಿದ್ದ ಒಂದು ಮಧ್ಯಾಹ್ನ ಅವರು ನನ್ನನ್ನು ಟರ್ಮಿನಿ ರೈಲು ನಿಲ್ದಾಣದ ಮುಂದಿನ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಅಲ್ಲಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರಿನ ಬಸ್ಸು ಜೇಬುಗಳ್ಳರಿಗೆ ಹೆಸರಾದದ್ದು. ಪ್ರವಾಸಿಗಳು ಹತ್ತುವುದು ಅದನ್ನೇ, ಅದಕ್ಕೇ ಕಳ್ಳರೂ ಅದನ್ನೇ ಹತ್ತುತ್ತಾರೆ. ‘ಮುಖ ನೋಡಬೇಡಮ್ಮ, ಮುಖದಲ್ಲಿ ಏನೂ ಗೊತ್ತಾಗಲ್ಲ. ಕೈ ನೋಡು’ ಎಂದರು. ಮೊದಲು ನನಗೆ ಏನೂ ಕಾಣಲಿಲ್ಲ. ಬಸ್ಸು ಬಂತು, ಜನ ನುಗ್ಗಿದರು, ಹೋಯಿತು. ಮೂರನೆಯದೋ ನಾಲ್ಕನೆಯದೋ ಬಸ್ಸು ಬಂದಾಗ ಒಬ್ಬನನ್ನು ಕಣ್ಣಲ್ಲೇ ತೋರಿಸಿದರು. ಸುಡು ಬಿಸಿಲು, ಆದರೂ ಅವನ ಎಡಗೈ ಮೇಲೆ ಒಂದು ಕೋಟು ಮಡಿಸಿ ಬಿದ್ದಿತ್ತು. ಆ ಕೋಟಿನ ಕೆಳಗೆ ಬಲಗೈ ಎಲ್ಲಿದೆ ಎಂಬುದು ಯಾರಿಗೂ ಕಾಣುತ್ತಿರಲಿಲ್ಲ. ಅವನ ಮುಂದೆ ಒಬ್ಬ ಹೆಂಗಸು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, ಏನೋ ಮರೆತವಳಂತೆ ಪಕ್ಕನೆ ನಿಂತುಬಿಟ್ಟಳು. ಹಿಂದಿದ್ದ ಮುದುಕ ಪ್ರವಾಸಿ ಅವಳಿಗೆ ಡಿಕ್ಕಿ ಹೊಡೆದ, ಕೋಟಿನವನು ಮುದುಕನಿಗೆ ಡಿಕ್ಕಿ ಹೊಡೆದ, ‘ಸ್ಕೂಸಿ, ಸ್ಕೂಸಿ’ ಎಂದು ಕ್ಷಮೆಯನ್ನೂ ಕೇಳಿದ. ಅಷ್ಟೇ. ಮುದುಕ ಬಸ್ಸು ಹತ್ತಿದ. ಹೆಂಗಸು ಇಳಿದಳು, ಕೋಟಿನವನೂ ಹತ್ತಲಿಲ್ಲ. ಅವರ ಪಕ್ಕದಲ್ಲಿ ಹಾದುಹೋದ ಒಬ್ಬ ಹುಡುಗನ ಕೈಗೆ ಏನೋ ಸರಿಯಿತು. ತಡೆಯಲು ಒಬ್ಬರು, ತೆಗೆಯಲು ಒಬ್ಬರು, ಸಾಗಿಸಲು ಒಬ್ಬರು. ಹಿಡಿದರೂ ತೆಗೆದವನ ಹತ್ತಿರ ಏನೂ ಸಿಗುವುದಿಲ್ಲ.

ಇಷ್ಟು ಚೆನ್ನಾಗಿ ಬಲ್ಲವರು ಅವರು. ಆದರೆ ಗುಂಪಿನ ಮುಂದೆ ಮೈಕ್ ಹಿಡಿದರೆ ಬೇರೆಯೇ ಆಗುತ್ತಿದ್ದರು. ಕೋಚ್ ಹೊರಟ ಪ್ರತಿ ಬೆಳಿಗ್ಗೆ ಅವರ ಭಾಷಣ. ಬ್ಯಾಗು ಎದೆಯ ಮುಂದೆ ಇರಲಿ, ಊಟಕ್ಕೆ ಕೂತಾಗ ಕುರ್ಚಿಗೆ ನೇತುಹಾಕಬೇಡಿ, ಬಸ್ಸು ರೈಲಿನಲ್ಲಿ ಬಾಗಿಲ ಹತ್ತಿರ ನಿಲ್ಲಬೇಡಿ, ದುಡ್ಡು ಒಂದೇ ಕಡೆ ಇಡಬೇಡಿ. ಎಲ್ಲ ಸರಿ. ಆಮೇಲೆ, ರಟ್ಟಿನ ತುಂಡು ಹಿಡಿದುಕೊಂಡು ಬರುವ ಹರಕು ಬಟ್ಟೆಯ ಮಕ್ಕಳನ್ನು ಕಂಡರೆ ದೂರ ಓಡಿ ಎನ್ನುತ್ತಿದ್ದರು. ಆಗ ರೋಮಿನಲ್ಲಿ ಅಂಥ ಮಕ್ಕಳು ಗುಂಪಾಗಿ ಬಂದು ರಟ್ಟನ್ನು ಹೊಟ್ಟೆಯ ಮಟ್ಟಕ್ಕೆ ಒತ್ತಿ ಹಿಡಿದು, ಅದರ ಮರೆಯಲ್ಲಿ ಕೈಯಾಡಿಸುತ್ತಿದ್ದದ್ದು ನಿಜ. ಕೊನೆಗೆ, ‘ಪಾಸ್‌ಪೋರ್ಟ್ ಕಳಕೊಂಡವರನ್ನ ನಾನು ಅಲ್ಲೇ ಬಿಟ್ಟು ಮುಂದೆ ಹೋಗ್ತೀನಿ, ಒಬ್ಬರಿಗೋಸ್ಕರ ನಲವತ್ತು ಜನ ಕಾಯೋಕಾಗಲ್ಲ’ ಎಂದು ಮುಗಿಸುತ್ತಿದ್ದರು. ಯಾರಾದರೂ ಏನಾದರೂ ಕಳೆದುಕೊಂಡರೆ ಮರುದಿನ ಮೈಕಿನಲ್ಲಿ ಅವರ ಸೀಟ್ ನಂಬರ್ ಹೇಳಿ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದರು. ಜನ ಎಚ್ಚರವಾಗಿರಲಿ ಎಂಬುದೇ ಅವರ ಮನಸ್ಸು. ಅವರ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ. ಆದರೂ ಆ ಭಾಷಣದ ಕೊನೆಯ ಮಾತು ಮಾಡಿದ ಕೆಡುಕು ಸಣ್ಣದಲ್ಲ.

ತಿಪಟೂರಿನ ಆ ದಂಪತಿ ಕೊಬ್ಬರಿ ಮಂಡಿಯವರು. ಗಂಡ ಗಟ್ಟಿ ದನಿಯ ಮನುಷ್ಯ, ಲೆಕ್ಕದಲ್ಲಿ ಚುರುಕು, ಹೋದ ಊರಿನಲ್ಲೆಲ್ಲ ಬಾಟಲಿ ನೀರಿನ ಬೆಲೆಯನ್ನು ರೂಪಾಯಿಗೆ ತಂದು ನೋಡುತ್ತಿದ್ದರು. ಹೆಂಡತಿ ಮಾತು ಕಡಿಮೆ. ಕೋಚಿನಲ್ಲಿ ಕಿಟಕಿಯ ಪಕ್ಕ ಕೂತು ಹೊರಗಿನ ಹೊಲಗಳನ್ನೇ ನೋಡುವರು. ಇದು ಯಾವ ಬೆಳೆ, ಅದಕ್ಕೆ ನೀರು ಎಲ್ಲಿಂದ ಎಂದು ನನ್ನನ್ನು ಮೆಲ್ಲಗೆ ಕೇಳುವರು. ಕತ್ತಿಗೆ ನೇತುಹಾಕುವ ಬಟ್ಟೆಯ ಪೌಚನ್ನು ಎಲ್ಲರಿಗೂ ಕಂಪನಿಯೇ ಕೊಟ್ಟಿತ್ತು. ಅದನ್ನು ರವಿಕೆಯ ಒಳಗೆ ಇಳಿಬಿಟ್ಟುಕೊಳ್ಳಬೇಕು. ಮೇ ತಿಂಗಳ ರೋಮಿನ ಸೆಕೆಯಲ್ಲಿ, ನೈಲಾನ್ ದಾರ ಕತ್ತು ಕೊರೆಯುತ್ತ, ಬೆವರಿಗೆ ಒದ್ದೆಯಾಗಿ ಅಂಟಿಕೊಳ್ಳುತ್ತಿದ್ದ ಆ ಪೌಚನ್ನು ದಿನವಿಡೀ ಹಾಕಿಕೊಂಡಿರುವುದು ಎಷ್ಟು ಕಷ್ಟ ಎಂದು ಆ ನಿಯಮ ಮಾಡಿದ ಗಂಡಸರು ಯೋಚಿಸಿರಲಿಲ್ಲ.

ರೋಮಿನಲ್ಲಿ ನಮ್ಮ ಕೊನೆಯ ದಿನ ಗುರುವಾರ. ಸಂಜೆ ಬಿಡುವಿತ್ತು. ಕೆಲವರು ಸಂತ ಪೀಟರರ ಚೌಕವನ್ನು ಇನ್ನೊಮ್ಮೆ ನೋಡಿಬರುತ್ತೇವೆಂದು ಹೊರಟರು. 2000ದ ಜ್ಯೂಬಿಲಿ ವರ್ಷಕ್ಕೆಂದು ಇಡೀ ಊರು ಸಜ್ಜಾಗುತ್ತಿತ್ತು, ಚರ್ಚಿನ ಮುಂಭಾಗಕ್ಕೂ ಅಟ್ಟಣಿಗೆ ಕಟ್ಟಿ ಶುಚಿ ಮಾಡುತ್ತಿದ್ದರು. ನಿಲ್ದಾಣದ ಹತ್ತಿರ ರಟ್ಟು ಹಿಡಿದ ಮಕ್ಕಳು ಕಂಡವಂತೆ. ಆಕೆ ಬ್ಯಾಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಬಸ್ಸು ಹತ್ತಿದರು. ಹತ್ತಿದ ಮೇಲೆ ಜೀವ ಹಗುರಾಯಿತು. ಕೋಟು ಟೈ ಹಾಕಿದ, ನಡುವಯಸ್ಸಿನ ಒಬ್ಬ ಎದ್ದು ಸೀಟು ಬಿಟ್ಟುಕೊಟ್ಟ. ‘ನಮ್ಮೂರ ಬಸ್ಸಲ್ಲೂ ಯಾರೂ ಎದ್ದು ಜಾಗ ಕೊಡಲ್ಲ ಕಣವ್ವ. ಕೈ ಹಿಡಿದು ಕೂರಿಸ್ದ’ ಎಂದು ಆಮೇಲೆ ನನಗೆ ಹೇಳಿದರು. ಮಧ್ಯಾಹ್ನವೇ ಪೌಚನ್ನು ಕತ್ತಿನಿಂದ ತೆಗೆದು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಿದ್ದರು. ಇಳಿದು ಬಿ.ಪಿ. ಮಾತ್ರೆಗೆಂದು ಬ್ಯಾಗಿಗೆ ಕೈ ಹಾಕಿದರೆ ಪೌಚಿಲ್ಲ. ಪಾಸ್‌ಪೋರ್ಟು, ಚೆಕ್ಕುಗಳು, ಒಂದಿಷ್ಟು ಡಾಲರು, ಎಲ್ಲ ಅದರಲ್ಲೇ.

ಆಕೆ ಯಾರಿಗೂ ಹೇಳಲಿಲ್ಲ. ಗಂಡನ ಪಕ್ಕದಲ್ಲೇ ನಿಂತು ಚರ್ಚಿನ ಗುಮ್ಮಟ ನೋಡಿದರು. ರಾತ್ರಿ ನಮ್ಮ ಅಡುಗೆಯವರು ಮಾಡಿದ ಅನ್ನ ಸಾರು ಉಂಡರು. ಇಡೀ ರಾತ್ರಿ ಸೂಟ್‌ಕೇಸನ್ನು ಸದ್ದಾಗದಂತೆ ಹುಡುಕಿದರಂತೆ, ಅಲ್ಲಿಲ್ಲ ಎಂದು ಗೊತ್ತಿದ್ದೂ. ಶುಕ್ರವಾರ ಬೆಳಿಗ್ಗೆ ಕೋಚಿನಲ್ಲಿ ಹಿರಿಯರ ಭಾಷಣ ಕೇಳಿದರು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರೂ ಬೆಳೆಯ ಬಗ್ಗೆ ಕೇಳಲಿಲ್ಲ, ನಿದ್ದೆ ಇರಬೇಕೆಂದು ನಾನೂ ಸುಮ್ಮನಿದ್ದೆ. ಸಂಜೆ ಫ್ಲಾರೆನ್ಸಿನ ಹೋಟೆಲಿನಲ್ಲಿ ಕೌಂಟರಿನವರು ಪಾಸ್‌ಪೋರ್ಟುಗಳನ್ನು ಕೇಳಿದರು. ಇಟಲಿಯಲ್ಲಿ ಉಳಿಯುವವರ ವಿವರವನ್ನು ಹೋಟೆಲಿನವರು ಪೊಲೀಸರಿಗೆ ಕೊಡಲೇಬೇಕು. ಸಾಲಿನಲ್ಲಿ ಆಕೆಯ ಸರದಿ ಬಂತು. ನನ್ನ ಮುಂಗೈ ಹಿಡಿದು ಕಂಬದ ಹಿಂದಕ್ಕೆ ಎಳೆದುಕೊಂಡು ಹೋದರು. ಅಂಗೈ ತಣ್ಣಗಿತ್ತು. ‘ನಿನ್ನೇನೇ ಹೋಯ್ತು ಕಣವ್ವ. ಅವರಿಗೆ ಈಗ ಹೇಳಿದ್ರೆ...’

ಆಮೇಲೆ ಆದದ್ದು ಲಾಬಿಯಲ್ಲಿದ್ದ ಎಲ್ಲರ ಎದುರಿಗೇ ಆಯಿತು. ಗಂಡ ಬೈದದ್ದು, ಮದುವೆಯಾದಂದಿನಿಂದ ಆಕೆ ಕಳೆದದ್ದನ್ನೆಲ್ಲ ಒಂದೊಂದಾಗಿ ಹೆಸರಿಸಿದ್ದು, ಹಿರಿಯರು ತಲೆಯ ಮೇಲೆ ಕೈಹೊತ್ತು ಕೂತದ್ದು. ಇದನ್ನು ಹೆಚ್ಚು ಬರೆಯಲು ಮನಸ್ಸಿಲ್ಲ. ಆಕೆ ಸೆರಗನ್ನು ಹೊದ್ದುಕೊಂಡು, ಗೋಡೆಗೆ ಒರಗದೆ, ನೆಟ್ಟಗೆ ನಿಂತಿದ್ದರು. ಕೇಳಿಸಿಕೊಂಡು ಅಭ್ಯಾಸವಿದ್ದವರು ನಿಲ್ಲುವ ರೀತಿ ಅದು.

ತಡವಾದದ್ದರ ಬೆಲೆ ನೋಡಿ. ಗುರುವಾರ ಸಂಜೆಯೇ ಬಾಯಿಬಿಟ್ಟಿದ್ದರೆ ಶುಕ್ರವಾರ ಬೆಳಿಗ್ಗೆ ರೋಮಿನ ವಿಯಾ ವೆಂಟಿ ಸೆಟೆಂಬ್ರೆಯಲ್ಲಿರುವ ನಮ್ಮ ರಾಯಭಾರ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುತ್ತಿದ್ದೆವು. ಈಗ ಶುಕ್ರವಾರ ರಾತ್ರಿ, ಊರು ಫ್ಲಾರೆನ್ಸ್, ಮುಂದೆ ಶನಿವಾರ ಭಾನುವಾರ. ಗುಂಪು ಬೆಳಿಗ್ಗೆ ಸ್ವಿಜರ್ಲೆಂಡಿಗೆ ಹೊರಡಬೇಕು. ಒಂದೇ ವೀಸಾ ನಡೆಯುವ ಷೆಂಗೆನ್ ವಲಯಕ್ಕೆ ಸ್ವಿಜರ್ಲೆಂಡ್ ಸೇರಿದ್ದು 2008ರ ಡಿಸೆಂಬರಿನಲ್ಲಿ. 1999ರಲ್ಲಿ ಅದಕ್ಕೆ ಬೇರೆಯೇ ವೀಸಾ, ಗಡಿಯಲ್ಲಿ ತಪಾಸಣೆ. ಪಾಸ್‌ಪೋರ್ಟ್ ಹೋಯಿತೆಂದರೆ ಅದರೊಳಗಿನ ವೀಸಾಗಳೆಲ್ಲ ಹೋದಂತೆಯೇ. ಗುರುವಾರವೇ ಹೇಳಿದ್ದರೂ ಅವರಿಗೆ ಸ್ವಿಜರ್ಲೆಂಡ್ ಸಿಗುತ್ತಿರಲಿಲ್ಲವೇನೋ. ಆದರೆ ಚೆಕ್ಕುಗಳು ಉಳಿಯುತ್ತಿದ್ದವು. ನಾವು ದೂರು ಕೊಡುವ ಹೊತ್ತಿಗೆ ಕೆಲವನ್ನು ಯಾರೋ ಕಳ್ಳಸಹಿ ಹಾಕಿ ಮುರಿಸಿಯಾಗಿತ್ತು. ಯಾಕೆ ಕೂಡಲೇ ತಿಳಿಸಲಿಲ್ಲ ಎಂಬ ವಿಚಾರಣೆ ಮುಗಿದು ಹಣ ಕೈಸೇರಲು ತಿಂಗಳುಗಳೇ ಹಿಡಿದವು.

ಗಂಡ ಏನು ಮಾಡಬೇಕೆಂಬ ಪ್ರಶ್ನೆ ಬಂತು. ‘ನೀವು ಹೋಗ್ರಿ, ಕಟ್ಟಿರೋ ದುಡ್ಡು ಯಾಕೆ ಹಾಳು’ ಎಂದು ಆಕೆಯೇ ಹೇಳಿದರು. ಅವರು ಹೋದರು. ಆಗ ನನಗೆ ಆಕೆಯ ಮಾತು ದೊಡ್ಡ ಮನಸ್ಸಿನದಾಗಿ ಕಂಡಿತ್ತು. ಈಗ ಆಕೆಯ ವಯಸ್ಸಿಗೆ ಹತ್ತಿರ ಬಂದು ಯೋಚಿಸಿದರೆ, ಉಳಿದುಕೊಳ್ಳುತ್ತೇನೆ ಎಂಬ ಮಾತು ಗಂಡನ ಬಾಯಿಂದ ಬರಲಿ ಎಂದು ಕಾದಿರಬೇಕು, ಬರುವುದಿಲ್ಲ ಎಂದು ಗೊತ್ತಾದ ಮೇಲೆ ಮಾನ ಉಳಿಸಿಕೊಳ್ಳಲು ತಾವೇ ಮೊದಲು ಹೇಳಿಬಿಟ್ಟಿರಬೇಕು ಅನಿಸುತ್ತದೆ.

ಶನಿವಾರ ನಾವಿಬ್ಬರೇ ರೈಲು ಹತ್ತಿ ರೋಮಿಗೆ ವಾಪಸಾದೆವು. ಟರ್ಮಿನಿಯಲ್ಲೇ ಇರುವ ರೈಲ್ವೆ ಪೊಲೀಸರ ಕೋಣೆಯಲ್ಲಿ ದೂರು ಬರೆಸಿದೆವು. ಅದಕ್ಕೆ ಅಲ್ಲಿ ದೆನೂನ್‌ಚಿಯಾ ಎನ್ನುತ್ತಾರೆ. ಆ ಕಾಗದವಿಲ್ಲದೆ ರಾಯಭಾರ ಕಚೇರಿಯಲ್ಲೂ ಕೆಲಸವಾಗುವುದಿಲ್ಲ, ಇನ್ಶೂರೆನ್ಸಿನವರೂ ಕೇಳುವುದಿಲ್ಲ. ಪೊಲೀಸಿನವನು ಟೈಪ್ ಮಾಡುತ್ತ, 64ನೇ ಬಸ್ಸಾ ಎಂದು ತಾನೇ ಕೇಳಿದ. ಫೋಟೋ ಬೇಕಿತ್ತು. ನಿಲ್ದಾಣದಲ್ಲಿ ನಾಣ್ಯ ಹಾಕಿದರೆ ಫೋಟೋ ಬರುವ ಡಬ್ಬಿಯಂಥ ಕೋಣೆಯೊಂದಿತ್ತು. ಆಕೆ ಒಳಗೆ ಸ್ಟೂಲಿನ ಮೇಲೆ ಕೂತರು, ನಾನು ಪರದೆ ಎಳೆದೆ. ಬೆಳಕು ಮಿಂಚಿದ ಕೂಡಲೇ ಹೆದರಿ ಎದ್ದುಬಿಟ್ಟರು. ಮೊದಲ ಪಟ್ಟಿಯಲ್ಲಿ ಬಂದದ್ದು ಸೀರೆಯ ನೆರಿಗೆ ಮಾತ್ರ. ಎರಡನೇ ಸಲ ಪರದೆಯ ಕೆಳಗಿನಿಂದ ನಾನು ಅವರ ಕೈ ಹಿಡಿದುಕೊಂಡೆ. ಫೋಟೋ ಸರಿಯಾಗಿ ಬಂತು. ನೋಡಿ, ‘ಅಯ್ಯೋ, ಕಳ್ಳಿ ಥರಾ ಇದೀನಿ’ ಎಂದು ನಕ್ಕರು. ಗುರುವಾರದ ನಂತರ ನಕ್ಕದ್ದು ಅದೇ ಮೊದಲು.

ಭಾನುವಾರ ಮಾಡಲು ಏನೂ ಕೆಲಸವಿರಲಿಲ್ಲ. ಬಸ್ಸು ಬೇಡವೆಂದು ನಡೆದೇ ಊರು ನೋಡಿದೆವು. ಬ್ರೆಡ್ಡಿಗೆ ಚಟ್ನಿಪುಡಿ ಎಣ್ಣೆ ಕಲಸಿಕೊಂಡು ಒಂದು ಕಾರಂಜಿಯ ಕಟ್ಟೆಯ ಮೇಲೆ ಕೂತು ತಿಂದೆವು. ಮಂಡಿಯ ಲೆಕ್ಕವನ್ನೆಲ್ಲ ಮೊದಲು ತಾನೇ ಬರೆಯುತ್ತಿದ್ದದ್ದು, ಮಗ ಬಂದ ಮೇಲೆ ಬಿಟ್ಟದ್ದು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಶಾಲೆಗೇ ಮೊದಲು ಬಂದದ್ದು, ಎಲ್ಲ ಹೇಳಿದರು. ಗುಂಪಿನಲ್ಲಿ ಇದ್ದಷ್ಟು ದಿನ ಇದೇ ಹೆಂಗಸು ನೀರಿನ ಬಾಟಲಿ ಕೊಳ್ಳಲೂ ಗಂಡನ ಮುಖ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಲೀರಾ ಲೆಕ್ಕವನ್ನು ನನಗಿಂತ ಬೇಗ ಮಾಡುತ್ತಿದ್ದರು.

ಸೋಮವಾರ ನೋಟ್‌ಬುಕ್ಕಿನ ಕಾರ್ಬನ್ ಪ್ರತಿ ಕೈಹಿಡಿಯಿತು. ಪಾಸ್‌ಪೋರ್ಟ್ ನಂಬರು, ಬೆಂಗಳೂರಿನಲ್ಲಿ ಕೊಟ್ಟ ತಾರೀಕು ಎಲ್ಲ ಇದ್ದುದರಿಂದ ಬೆಂಗಳೂರಿಗೆ ಕೇಳಿ ಖಚಿತಪಡಿಸಿಕೊಳ್ಳುವುದು ಸುಲಭವಾಯಿತು. ಭಾರತಕ್ಕೆ ಮರಳಲು ಮಾತ್ರ ನಡೆಯುವ, ಒಂದೇ ಪ್ರಯಾಣದ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟರು. ಬಾಂಬೆಯವರೆಗೆ ಒಬ್ಬರೇ ಹೋಗಬೇಕು. ಇಂಗ್ಲಿಷ್ ಓದಲು ಬರುತ್ತಿತ್ತು, ಆಡಲು ಧೈರ್ಯವಿರಲಿಲ್ಲ. ರಟ್ಟಿನ ಕೆಲವು ಚೀಟಿ ಕತ್ತರಿಸಿ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್ ಬರೆದುಕೊಟ್ಟೆ. ನನ್ನ ಪಾಸ್‌ಪೋರ್ಟ್ ಕಳುವಾಗಿದೆ, ಇದು ರಾಯಭಾರ ಕಚೇರಿ ಕೊಟ್ಟ ಕಾಗದ. ನಾನು ಬಾಂಬೆಗೆ ಹೋಗಬೇಕು, ಗೇಟ್ ಯಾವುದು ತೋರಿಸಿ. ನನಗೆ ಸಸ್ಯಾಹಾರ ಬೇಕು. ಅವರು ಇನ್ನೊಂದನ್ನು ಬರೆಯಲು ಹೇಳಿದರು: ದಯವಿಟ್ಟು ನಿಧಾನವಾಗಿ ಹೇಳಿ, ನನಗೆ ಅರ್ಥವಾಗುತ್ತದೆ. ಫ್ಯೂಮಿಚೀನೋ ವಿಮಾನ ನಿಲ್ದಾಣದಲ್ಲಿ ಆ ಚೀಟಿಯನ್ನೇ ಎಲ್ಲಕ್ಕಿಂತ ಮೇಲಿಟ್ಟುಕೊಂಡು ಒಳಗೆ ಹೋದರು.

ಆ ವರ್ಷಗಳಿಗೂ ಇವತ್ತಿಗೂ ತುಂಬ ದೂರ. ಟ್ರಾವೆಲರ್ಸ್ ಚೆಕ್ಕು ಬಹುತೇಕ ಕಾಣೆಯಾಗಿದೆ. 2002ರಲ್ಲಿ ಯೂರೋ ನೋಟು ಬಂದ ಮೇಲೆ ದೇಶ ದೇಶಕ್ಕೂ ಹಣ ಬದಲಿಸುವ, ಆ ನೆಪದಲ್ಲಿ ರಸ್ತೆಬದಿಯಲ್ಲಿ ಮೋಸಹೋಗುವ ಕಾಟ ಬಹುಮಟ್ಟಿಗೆ ತಪ್ಪಿತು. ಸಾದಾ ಬಟ್ಟೆಯಲ್ಲಿ ಬಂದು ‘ಪೊಲೀಸ್, ಖೋಟಾ ನೋಟು ತಪಾಸಣೆ, ಪರ್ಸ್ ತೋರಿಸಿ’ ಎನ್ನುವವರು ಇನ್ನೂ ಇದ್ದಾರೆ. ನಿಜವಾದ ಪೊಲೀಸ್ ಬೀದಿಯಲ್ಲಿ ನಿಲ್ಲಿಸಿ ನಿಮ್ಮ ನೋಟು ಎಣಿಸುವುದಿಲ್ಲ, ಠಾಣೆಗೆ ಹೋಗೋಣ ನಡೆಯಿರಿ ಎಂದರೆ ಇವರು ಮಾಯವಾಗುತ್ತಾರೆ. ಕಳ್ಳತನವಂತೂ ನಿಂತಿಲ್ಲ. 2013ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಒಂದು ದಿನ ಬಾಗಿಲು ತೆರೆಯಲಿಲ್ಲ, ಜೇಬುಗಳ್ಳರ ಹಾವಳಿ ತಾಳಲಾರದೆ ಕಾವಲು ಸಿಬ್ಬಂದಿಯೇ ಕೆಲಸ ನಿಲ್ಲಿಸಿದ್ದರು. ಸ್ಪೇನ್‌ನಲ್ಲಿ 400 ಯೂರೋ ಒಳಗಿನ ಕಳವು ಸಣ್ಣ ಅಪರಾಧ, ಸಾಮಾನ್ಯವಾಗಿ ದಂಡ ಕಟ್ಟಿಸಿ ಬಿಡುತ್ತಾರೆ. ಹಿಡಿದುಕೊಟ್ಟರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ನಂಬಿಕೊಂಡು ಕೂರುವಂತಿಲ್ಲ.

ಕಳ್ಳರಿಗಿಂತ ರಸ್ತೆಗೆ ನಾನು ಹೆಚ್ಚು ಹೆದರುತ್ತಿದ್ದೆ ಎಂಬುದನ್ನೂ ಇಲ್ಲಿ ಹೇಳಬೇಕು. ಯೂರೋಪಿನ ಹೆಚ್ಚಿನ ದೇಶಗಳಲ್ಲಿ ವಾಹನ ರಸ್ತೆಯ ಬಲಬದಿಗೆ ಓಡುತ್ತದೆ. ನಮ್ಮವರು ದಾಟುವಾಗ ಮೊದಲು ಬಲಕ್ಕೆ ನೋಡಿ ಕಾಲು ಇಡುತ್ತಾರೆ, ಗಾಡಿ ಬರುವುದು ಎಡದಿಂದ. ದಾವಣಗೆರೆಯ ಒಬ್ಬ ಹಿರಿಯರನ್ನು ಟ್ರಾಮಿನ ಮುಂದಿನಿಂದ ಅಂಗಿ ಹಿಡಿದು ಎಳೆದುಕೊಂಡದ್ದು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಅವರ ಪಾಸ್‌ಪೋರ್ಟ್ ಆಗ ಕತ್ತಿನ ಪೌಚಿನಲ್ಲಿ ಭದ್ರವಾಗಿತ್ತು.

ಇವತ್ತಿನ ಪೌಚು ಫೋನು. ಹಣ, ಟಿಕೆಟ್, ಹೋಟೆಲು, ದಾರಿ, ಬ್ಯಾಂಕಿನ ಓಟಿಪಿ, ಮನೆಯವರ ನಂಬರು, ಎಲ್ಲ ಅದರಲ್ಲೇ. ದುಡ್ಡು ಒಂದೇ ಕಡೆ ಇಡಬೇಡಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಮಾತನ್ನು ನಾವೆಲ್ಲ ಮರೆತು ಇಡೀ ಬದುಕನ್ನು ಒಂದು ಕಡೆ ಇಟ್ಟಿದ್ದೇವೆ. ಆ ಫೋನನ್ನು ದಾರಿ ತೋರಿಸಲೆಂದು ಬಾಗಿಲ ಪಕ್ಕ ನಿಂತು ಅಂಗೈಯಲ್ಲಿ ಚಾಚಿ ಹಿಡಿಯುತ್ತೇವೆ, ಅದೂ ಲಾಕ್ ತೆಗೆದು. ತಂಗಿಯ ಮಗಳು ಲಾಕ್ ಸ್ಕ್ರೀನಿಗೆ ಗಟ್ಟಿ ಪಾಸ್‌ಕೋಡ್ ಹಾಕಿದ್ದಳು, ಆದರೆ ಸಿಮ್‌ಗೆ ಪಿನ್ ಹಾಕಿರಲಿಲ್ಲ. ಸಿಮ್ಮಿಗೂ ಪಿನ್ ಇದೆ ಎಂದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದೇ ಇಲ್ಲ. ಅದಿಲ್ಲದಿದ್ದರೆ ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕಿಕೊಂಡರೆ ಸಾಕು, ಬ್ಯಾಂಕಿನ ಓಟಿಪಿ ಅವನಿಗೇ ಬರುತ್ತದೆ. ಅವಳ ಇಲ್ಲಿನ ಖಾತೆಗೆ ಜೋಡಿಸಿದ್ದ ಆ ಭಾರತದ ಸಿಮ್ ತಂಗಿಯ ಹೆಸರಿನಲ್ಲಿತ್ತು. ಬಂದ್ ಮಾಡಿಸಬೇಕಾದರೆ ತಂಗಿಯೇ ಹೇಳಬೇಕು. ಯಾರಿಗೆ ಹೇಳಲು ಹೆದರಿ ಎರಡು ದಿನ ಕಳೆದಳೋ, ಆ ಎರಡು ದಿನದ ಅಪಾಯ ತಪ್ಪಿಸಲು ಆಗುತ್ತಿದ್ದದ್ದು ಅವಳೊಬ್ಬಳಿಂದಲೇ.

ಮಾತು ಕೊಡುವುದಿಲ್ಲ ಎಂದೆ. ಆ ರಾತ್ರಿಯೇ ತಂಗಿಗೆ ಫೋನ್ ಮಾಡಿಸಿದೆ. ತಂಗಿ ಬೈದಳು. ಬೈಯುತ್ತಲೇ ಸಿಮ್ ಬ್ಲಾಕ್ ಮಾಡಿಸಿದಳು, ಬ್ಯಾಂಕಿಗೆ ಹೇಳಿದಳು. ಅತ್ತ ಹುಡುಗಿ ಗೆಳತಿಯ ಲ್ಯಾಪ್‌ಟಾಪಿನಿಂದ ಫೋನನ್ನು ದೂರದಿಂದಲೇ ಬೀಗ ಹಾಕುವ ಲಾಸ್ಟ್ ಮೋಡ್‌ಗೆ ಹಾಕಿದಳು, ಮರುದಿನ ಕತಲಾನ್ ಪೊಲೀಸರಾದ ಮೊಸ್ಸೋಸ್ ಹತ್ತಿರ ದೂರು ಬರೆಸಿದಳು. ಹಣ ಹೋಗಿರಲಿಲ್ಲ. ಮುಂದಿನ ವಾರ ಲಾಸ್ಟ್ ಮೋಡ್‌ನಲ್ಲಿ ಕೊಟ್ಟಿದ್ದ ಗೆಳತಿಯ ನಂಬರಿಗೆ ‘ನಿಮ್ಮ ಫೋನ್ ಸಿಕ್ಕಿದೆ, ಎಲ್ಲಿದೆ ನೋಡಲು ಈ ಲಿಂಕ್ ಒತ್ತಿ’ ಎಂದು ಮೆಸೇಜ್ ಬಂತು. ಪಾಸ್‌ಕೋಡ್ ಕಸಿಯಲು ಕಳ್ಳರು ಬೀಸುವ ಬಲೆ ಅದು. ಈ ಸಲ ಅವಳು ಒತ್ತುವ ಮೊದಲು ಅಮ್ಮನಿಗೇ ತೋರಿಸಿದಳು.

ತಿಪಟೂರಿನ ಆ ಹೆಂಗಸು 2003ರಲ್ಲಿ ಮತ್ತೆ ಬಂದರು. ಈ ಸಲ ತಮ್ಮ ತಂಗಿಯ ಜೊತೆ. ಗಂಡನಿಗೆ ಮಂಡಿನೋವು, ಬರಲಾರೆ ಎಂದರಂತೆ. ಅಷ್ಟು ಹೊತ್ತಿಗೆ ನಮ್ಮ ಹಿರಿಯರು ನಿವೃತ್ತರಾಗಿದ್ದರು, ಮೈಕ್ ನನ್ನ ಕೈಗೆ ಬಂದಿತ್ತು. ಆಕೆ ಲಂಗಕ್ಕೆ ಒಳಗಿನಿಂದ ಜಿಪ್ ಇರುವ ಜೇಬು ಹೊಲಿಸಿಕೊಂಡಿದ್ದರು. ‘ಕತ್ತಿಗೆ ಹಾಕ್ಕೊಳೋದು ಹೆಂಗಸರಿಗಲ್ಲ ಕಣವ್ವ’ ಎಂದು ಗುಂಪಿನ ಉಳಿದ ಹೆಂಗಸರಿಗೂ ತೋರಿಸಿದರು. ಮುಂದಿನ ಟೂರಿನಿಂದ ಕಂಪನಿಗೆ ಹೇಳಿ ಹೆಂಗಸರಿಗೆ ಸೊಂಟಕ್ಕೆ ಕಟ್ಟುವ ಹತ್ತಿಯ ಚೀಲ ಹೊಲಿಸಿದೆ.

ರೋಮಿನಲ್ಲಿ ವ್ಯಾಟಿಕನ್ ಮ್ಯೂಸಿಯಂ ನೋಡಿ ಹೊರಟ ಮೇಲೆ, ಆಕೆ ಮೈಕ್ ಕೇಳಿದರು. ಕೋಚಿನಲ್ಲಿ ಎದ್ದು ನಿಂತು, ಒಂದು ಕೈಯಲ್ಲಿ ಸೀಟು ಹಿಡಿದುಕೊಂಡು, ಗುರುವಾರ ಸಂಜೆಯಿಂದ ಸೋಮವಾರದವರೆಗಿನ ಕಥೆಯನ್ನು ಸೀಟು ಬಿಟ್ಟುಕೊಟ್ಟವನಿಂದ ಹಿಡಿದು ಫೋಟೋ ಡಬ್ಬಿಯವರೆಗೆ ಹೇಳಿದರು. ಲಾಬಿಯಲ್ಲಿ ಬೈಸಿಕೊಂಡದ್ದನ್ನೂ ಬಿಡಲಿಲ್ಲ. ‘ಅವತ್ತೇ ಹೇಳಿದ್ರೆ ಬರೀ ಬೈಗುಳದಲ್ಲಿ ಹೋಗ್ತಿತ್ತು’ ಎಂದು ಮೈಕ್ ನನ್ನ ಕೈಗಿಟ್ಟು ಕೂತರು.

ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನನ್ನ ಹತ್ತಿರ ಬಂದು ಬಗ್ಗಿದರು. ಮ್ಯೂಸಿಯಂನಲ್ಲಿ ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲವೆಂದು ಸಾಮಾನು ಕೋಣೆಯಲ್ಲಿ ಇಟ್ಟದ್ದನ್ನು ತರಲು ಮರೆತಿದ್ದರು. ಟೋಕನ್ ಜೇಬಿನಲ್ಲೇ ಇತ್ತು. ಗಂಡ ಹೆಂಡತಿ ಇಬ್ಬರ ಪಾಸ್‌ಪೋರ್ಟೂ ಆ ಬ್ಯಾಗಿನಲ್ಲಿ. ರಾತ್ರಿ ಹೋಟೆಲಿಗೆ ಹೋದ ಮೇಲೆ ಒಬ್ಬರೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ತರೋಣ ಎಂದಿದ್ದರಂತೆ. ಅಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತಿತ್ತು, ಮರುದಿನ ಬೆಳಿಗ್ಗೆ ನಾವು ಊರು ಬಿಡುವವರಿದ್ದೆವು. ಡ್ರೈವರ್ ಕೋಚನ್ನು ತಿರುಗಿಸಿದ. ಮುಚ್ಚುವುದಕ್ಕೆ ಮೊದಲೇ ತಲುಪಿದೆವು, ಟೋಕನ್ ಕೊಟ್ಟೆವು, ಬ್ಯಾಗು ಸಿಕ್ಕಿತು.